ಅಪ್ಪ, ಪಿಕಪ್ ಟ್ರಕ್ ಮತ್ತು ಕೆಎಂಪಿಎಲ್

ಹೊರಡುವ ಹಿಂದಿನ ದಿನ

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಬಸ್ಸು ಓಡಿಸಿದ್ದಾರೆ. ರಿಟೈರ್ ಆಗಿ ಎಷ್ಟೋ ವರ್ಷವಾದರೂ ಒಂದು ಅಭ್ಯಾಸ ಹೋಗಿಲ್ಲ. ಯಾವ ಗಾಡಿ ಕಂಡರೂ ಮೊದಲ ಪ್ರಶ್ನೆ, "ಕೆಎಂಪಿಎಲ್ ಎಷ್ಟು?" ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ. ಡಿಪೋದಲ್ಲಿ ಪ್ರತಿ ಡ್ರೈವರಿನ ಲೆಕ್ಕ ಇಡುತ್ತಿದ್ದರಂತೆ. ಅಪ್ಪನ ಬಸ್ಸು 5ರ ಆಸುಪಾಸು ಕೊಡುತ್ತಿತ್ತು. ಆ 5 ಅವರಿಗೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಇದ್ದ ಹಾಗೆ, ಇವತ್ತಿಗೂ ಬಾಯಿಪಾಠ.

ನಾವಿರುವುದು ಟೆಕ್ಸಸ್‌ನ ಪ್ಲೇನೊದಲ್ಲಿ. ಚಿಕ್ಕಪ್ಪನ ಮಗನಿಗೆ ಡೆನ್ವರ್ ಪಕ್ಕದ ಅರೋರಾದಲ್ಲಿ ಕೆಲಸ ಸಿಕ್ಕಿತು. ಅವನು ಹೆಂಡತಿ ಮಕ್ಕಳ ಜೊತೆ ಮೊದಲೇ ಹೋದ. ಸಾಮಾನು ನಮ್ಮ ಗ್ಯಾರೇಜಿನಲ್ಲಿ ಉಳಿಯಿತು. ಅಕ್ಟೋಬರ್ ಮೊದಲ ವಾರ ರಜೆ ಹಾಕಿ ನಾನೇ ತಲುಪಿಸುತ್ತೇನೆ ಅಂದೆ. ಅಪ್ಪ ಆಗಲೇ ಬ್ಯಾಗಿಗೆ ಸ್ವೆಟರ್ ತುರುಕಿಯಾಗಿತ್ತು.

ನನ್ನ ಗಾಡಿ 2021ರ ಪಿಕಪ್. ಇಲ್ಲಿಯವರು ಅರ್ಧ ಟನ್ ಅನ್ನುತ್ತಾರೆ. ಅದು ಹಳೇ ಕಾಲದ ಹೆಸರು, ಈಗಿನವು ಅದಕ್ಕಿಂತ ಜಾಸ್ತಿಯೇ ಹೊರುತ್ತವೆ. 3.5 ಲೀಟರಿನ ಟರ್ಬೊ ವಿ6 ಎಂಜಿನ್, ನಾಲ್ಕು ಚಕ್ರಕ್ಕೂ ಎಳೆತ, 10 ಗೇರು. ಕಂಪನಿ ಹೆಸರು ಬೇಡ ಬಿಡಿ. ಇಲ್ಲಿನ ಮೂರು ದೊಡ್ಡ ಕಂಪನಿಗಳ ಪೆಟ್ರೋಲ್ ಟ್ರಕ್ಕುಗಳೂ ಮೈಲೇಜಿನಲ್ಲಿ ಅಣ್ಣ ತಮ್ಮಂದಿರೇ. ಹೊಸ ಗಾಡಿಯ ಕಿಟಕಿಗೆ ಸರ್ಕಾರದ ಮೈಲೇಜ್ ಚೀಟಿ ಅಂಟಿಸಿರುತ್ತಾರೆ. ನನ್ನದರ ಚೀಟಿ ಹೀಗಿತ್ತು: ಊರೊಳಗೆ 18, ಹೈವೇಯಲ್ಲಿ 23, ಒಟ್ಟಾರೆ 20. ಇವು ಗ್ಯಾಲನ್‌ಗೆ ಇಷ್ಟು ಮೈಲಿ ಅನ್ನುವ ಲೆಕ್ಕ. ಅಮೆರಿಕದ ಗ್ಯಾಲನ್ ಅಂದರೆ 3.785 ಲೀಟರ್. ಅಪ್ಪ ಪೆನ್ನು ತೆಗೆದು ಭಾಗಿಸಿದರು. 20 ಅಂದರೆ ಲೀಟರಿಗೆ ಎಂಟೂವರೆ ಕಿಲೋಮೀಟರ್.

"ಇಷ್ಟೇನಾ?"

"ಎರಡೂಕಾಲು ಟನ್ ಗಾಡಿ ಅಪ್ಪ."

"ಇರಲಿ. ನಿನ್ನ ಚೀಟಿ ಹೇಳೋದು ಬೇಡ. ಟ್ಯಾಂಕ್ ಟು ಟ್ಯಾಂಕ್ ನೋಡೋಣ."

ಫುಲ್ ಟ್ಯಾಂಕ್ ಹಾಕಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ, ಎಷ್ಟು ಹಿಡಿಯಿತೋ ಅದರಿಂದ ಭಾಗಿಸುವುದು. ಡ್ಯಾಶ್‌ಬೋರ್ಡಿನ ಮೀಟರ್ ನೋಡುವ ಹಾಗಿಲ್ಲ. ಯಾವ ಕಂಪನಿಯದಾದರೂ ಆ ಮೀಟರುಗಳು ಸಾಮಾನ್ಯವಾಗಿ ಸ್ವಲ್ಪ ಹೊಗಳುಭಟ್ಟರೇ. ಸಂಜೆ ಬಂಕಿಗೆ ಹೋಗಿ ತುಂಬಿಸಿದೆವು. ಇದರ ಟ್ಯಾಂಕು 36 ಗ್ಯಾಲನ್, ಅಂದರೆ 136 ಲೀಟರ್. ಪಂಪು ನಿಲ್ಲುವುದೇ ಇಲ್ಲ. ಅಪ್ಪ ಒಮ್ಮೆ ಪೈಪ್ ನೋಡಿದರು, ಒಮ್ಮೆ ನೆಲ ನೋಡಿದರು, ಎಲ್ಲಾದರೂ ಸೋರುತ್ತಿದೆಯಾ ಅಂತ.

ಮೊದಲ ದಿನ: ಪ್ಲೇನೊದಿಂದ ಅಮರಿಲ್ಲೊ

ಬಾಡಿಗೆಗೆ ತಂದ ಟ್ರೇಲರ್ 12 ಅಡಿ ಉದ್ದ, 6 ಅಡಿ ಅಗಲ, ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆ. ಖಾಲಿಯಿದ್ದಾಗಲೇ 800 ಕೆಜಿ ಮೀರುತ್ತದೆ. ಸಾಮಾನು ಸೇರಿ ಒಂದೂವರೆ ಟನ್ ಆಗಿರಬೇಕು. ಸೋಫಾ, ಮಂಚ, ಗ್ರೈಂಡರ್, ಅದರ ಕಲ್ಲು ಬೇರೆ ಡಬ್ಬದಲ್ಲಿ. ಟ್ರೇಲರ್ ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು, ಗರಿಷ್ಠ ವೇಗ 55 ಮೈಲಿ. ಸುಮಾರು 88 ಕಿಲೋಮೀಟರ್. ನಾನು ಓದಿದೆ. ಓದಿಯೂ ಓದದವನ ಹಾಗೆ ಹೊರಟೆ.

ಡೆಂಟನ್, ಡಿಕೇಟರ್ ದಾಟಿ 287ನೇ ಹೆದ್ದಾರಿ ಹಿಡಿದೆವು. ಬಹುಪಾಲು ನೇರ ರಸ್ತೆ. ಮಿತಿ 75 ಮೈಲಿ ಇರುವ ಕಡೆ 65ರಲ್ಲಿ ಹೋಗುತ್ತಿದ್ದರೆ ನಾವೇ ನಿಧಾನ ಅನ್ನಿಸುತ್ತದೆ. ವಿಚಿಟಾ ಫಾಲ್ಸ್‌ನಲ್ಲಿ ಮೊದಲ ಬಾರಿ ತುಂಬಿಸಿದೆವು. 140 ಮೈಲಿಗೆ 14.1 ಗ್ಯಾಲನ್. ಗ್ಯಾಲನ್‌ಗೆ 9.9. ಅಪ್ಪನ ನೋಟ್‌ಬುಕ್ಕಿನಲ್ಲಿ ಅದು 4.2 ಅಂತ ಇಳಿಯಿತು.

"ನಮ್ಮ ಬಸ್ಸೇ ವಾಸಿ ಕಣೋ. 50 ಜನ ಕೂರಿಸ್ಕೊಂಡು, ಮೇಲೆ ಮೂಟೆ ಹೊತ್ಕೊಂಡು 5 ಬರ್ತಿತ್ತು."

ನಾನು ಏನೂ ಹೇಳಲಿಲ್ಲ. ಈ ಟರ್ಬೊ ಎಂಜಿನ್ ಇಟ್ಟುಕೊಂಡವರಲ್ಲಿ ಒಂದು ಮಾತಿದೆ, ಉಳಿತಾಯ ಬೇಕಾದರೆ ಬೂಸ್ಟ್ ಕೇಳಬೇಡ, ಬೂಸ್ಟ್ ಬೇಕಾದರೆ ಉಳಿತಾಯ ಕೇಳಬೇಡ ಅಂತ. ಸುಮ್ನೆ ಹೋಗುವಾಗ ಎಂಜಿನ್ ಚಿಕ್ಕದರ ಹಾಗೆ ಕುಡಿಯುತ್ತದೆ. ಭಾರ ಎಳೆಯುವಾಗ ಟರ್ಬೊ ಗಾಳಿ ತುರುಕುತ್ತದೆ, ಅದೇ ಬೂಸ್ಟ್. ಗಾಳಿಗೆ ತಕ್ಕ ಹಾಗೆ ಪೆಟ್ರೋಲೂ ಹೋಗಬೇಕು. ಜೋರಾಗಿ ದುಡಿಸಿದರೆ ಎಂಜಿನ್ ಬಿಸಿಯಾಗದಿರಲಿ ಅಂತ ಇನ್ನೂ ಒಂದಿಷ್ಟು ಜಾಸ್ತಿ ಸುರಿಯುತ್ತದೆ.

ವಿಚಿಟಾ ಫಾಲ್ಸ್ ಬಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ, ಉತ್ತರದ ಕಡೆ ಆಕಾಶ ಕಡುನೀಲಿಯಾಯಿತು. ಇಲ್ಲಿನವರು ಇದಕ್ಕೆ ಬ್ಲೂ ನಾರ್ದರ್ ಅನ್ನುತ್ತಾರೆ. ಉತ್ತರದಿಂದ ತಣ್ಣನೆ ಗಾಳಿ ಒಮ್ಮೆಲೇ ನುಗ್ಗುತ್ತದೆ, ನೋಡನೋಡುತ್ತಿದ್ದಂತೆ ಚಳಿ ಶುರು. ಅದನ್ನು ತಡೆಯುವುದಕ್ಕೆ ಇಲ್ಲಿ ಗುಡ್ಡವೂ ಇಲ್ಲ, ಮರವೂ ಇಲ್ಲ. ಗಾಳಿ ನೇರ ಮೂತಿಗೇ ಹೊಡೆಯುತ್ತಿತ್ತು. ಫೋನಿನಲ್ಲಿ ನೋಡಿದರೆ ಗಂಟೆಗೆ 25 ಮೈಲಿ. ಗೇರು ಹತ್ತರಿಂದ ಎಂಟಕ್ಕೆ, ಎಂಟರಿಂದ ಆರಕ್ಕೆ ಇಳಿಯುತ್ತಿತ್ತು. ಎಂಜಿನ್ ಸದ್ದು ಘಾಟಿ ಹತ್ತುವ ಹಾಗೆ. ರಸ್ತೆ ನೋಡಿದರೆ ಹೆಚ್ಚುಕಡಿಮೆ ಚಪ್ಪಟೆ.

ಚಿಲ್ಡ್ರೆಸ್‌ನಲ್ಲಿ ಮತ್ತೆ ಬಂಕು. 108 ಮೈಲಿಗೆ 13.2 ಗ್ಯಾಲನ್. 8.2. ಲೀಟರಿಗೆ 3.5 ಕಿಲೋಮೀಟರ್.

ಅಪ್ಪ ಈ ಸಲ ಬೈಯಲಿಲ್ಲ. ಇಳಿದು ಟ್ರೇಲರಿನ ಮುಂದೆ ನಿಂತರು. ಟ್ರಕ್ಕಿನ ಕ್ಯಾಬಿನ್ನು ಮರೆ ಮಾಡದ ಅಂಚೆಲ್ಲ ಗೋಡೆಯ ಹಾಗೆ ನಿಂತಿತ್ತು. ಟೋಪಿ ಹಾರಿಹೋಗದಂತೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು, "ಬೆಳಗ್ಗೆಯಿಂದ ತೂಕ ಅಷ್ಟೇ ಇದೆ ಅಲ್ವಾ? ಮತ್ತೆ ಯಾಕೆ ಇಳಿಯಿತು?"

ನಾನು ಲೆಕ್ಕ ಹೇಳಿದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ದುಪ್ಪಟ್ಟಾದರೆ ತಡೆ ನಾಲ್ಕರಷ್ಟು. ನಾವು 65ರಲ್ಲಿ ಹೋಗುತ್ತಿದ್ದೇವೆ, ಎದುರುಗಾಳಿ 25. ಗಾಡಿಯ ಮೂತಿಗೆ ತಗಲುವ ಗಾಳಿ 90 ಮೈಲಿಯದು. ಹಾಗಾಗಿ ತಡೆ ಹೆಚ್ಚುಕಡಿಮೆ ಎರಡರಷ್ಟು.

"ನಾವು ಘಾಟಿಯಲ್ಲಿ 30, 40ರಲ್ಲಿ ಓಡಿಸಿದೋರು. ಗಾಳಿ ಯಾವತ್ತೂ ಲೆಕ್ಕಕ್ಕೇ ಬಂದಿಲ್ಲ," ಅಂದರು. ಆಮೇಲೆ ಟ್ರೇಲರಿನ ಪಕ್ಕದ ಬರಹ ತೋರಿಸಿದರು. "ಇಲ್ಲಿ 55 ಅಂತ ಬರೆದಿರೋದು ಯಾರಿಗೆ? ನನಗಾ?"

ಅಲ್ಲಿಂದ 55. ಲಾರಿಗಳೆಲ್ಲ ಹಾರ್ನ್ ಹೊಡೆಯದಿದ್ದರೂ ಹೊಡೆದ ಹಾಗೆ ದಾಟಿ ಹೋದವು. ಅದೇ ಗಾಳಿ, ಅದೇ ಭಾರ, ಮೇಲಾಗಿ ರಸ್ತೆ ಮೆಲ್ಲಗೆ ಏರುತ್ತಲೇ ಇರುತ್ತದೆ. ಚಿಲ್ಡ್ರೆಸ್‌ಗಿಂತ ಅಮರಿಲ್ಲೊ 500 ಮೀಟರಿನಷ್ಟು ಎತ್ತರ. ಆದರೂ 117 ಮೈಲಿಗೆ 12.4 ಗ್ಯಾಲನ್, ಅಂದರೆ 9.4. ತಲುಪುವುದು 20 ನಿಮಿಷ ತಡವಾಯಿತು, ಅಷ್ಟೇ.

ಎರಡನೇ ದಿನ: ಅಮರಿಲ್ಲೊದಿಂದ ಅರೋರಾ

ಬೆಳಗ್ಗೆ ಗಾಳಿ ನಿಂತಿತ್ತು. ಊರಾಚೆ ಕ್ಯಾಡಿಲಾಕ್ ರಾಂಚ್ ನೋಡಿದೆವು. 1974ರಲ್ಲಿ ಕಲಾವಿದರ ಗುಂಪೊಂದು 10 ಹಳೇ ಕ್ಯಾಡಿಲಾಕ್ ಕಾರುಗಳನ್ನು ಮೂತಿ ಕೆಳಗಾಗಿ ಹೊಲದಲ್ಲಿ ಸಾಲಾಗಿ ಹೂತಿದೆ. ಬಂದವರೆಲ್ಲ ಸ್ಪ್ರೇ ಬಣ್ಣ ಹೊಡೆದು ಹೋಗುತ್ತಾರೆ. ಅಪ್ಪ ಒಂದು ಸುತ್ತು ಹಾಕಿ, "ಇವಕ್ಕೆ ಈಗ ಒಳ್ಳೇ ಮೈಲೇಜು" ಅಂದರು.

ಡ್ಯೂಮಸ್, ಡಾಲ್ಹಾರ್ಟ್, ನ್ಯೂ ಮೆಕ್ಸಿಕೊದ ಕ್ಲೇಟನ್. ಹುಲ್ಲು, ದನ, ಮತ್ತೆ ಹುಲ್ಲು. ಈ ದಾರಿಯಲ್ಲಿ ಪಿಕಪ್ ಬಿಟ್ಟರೆ ಬೇರೆ ಗಾಡಿ ಕಾಣುವುದೇ ಅಪರೂಪ. ಫೋರ್ಡಿನ ಎಫ್ ಸರಣಿ 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ ಅಂದೆ. ಅಪ್ಪ ಎದುರಿಗೆ ಬಂದವುಗಳನ್ನು ಎಣಿಸುತ್ತಿದ್ದರು. ಯಾವ ಕಂಪನಿಯದು ಅಂತಲ್ಲ, ಒಳಗೆ ಎಷ್ಟು ಜನ ಅಂತ. "ಒಬ್ಬ. ಒಬ್ಬ. ಒಬ್ಬ. ಒಬ್ಬ, ಒಂದು ನಾಯಿ."

ರಟೋನ್‌ನಲ್ಲಿ ತುಂಬಿಸಿದಾಗ 213 ಮೈಲಿಗೆ 20.3 ಗ್ಯಾಲನ್ ಹಿಡಿಯಿತು, 10.5. ನಿನ್ನೆಗಿಂತ ಜಾಸ್ತಿ ಏರು, ಆದರೂ ನಿನ್ನೆಗಿಂತ ವಾಸಿ. ಅಪ್ಪ ಆ ಅಂಕಿಯ ಪಕ್ಕ "ಗಾಳಿ ಇಲ್ಲ" ಅಂತ ಬರೆದುಕೊಂಡರು.

ರಟೋನ್ ಪಾಸ್ 7,834 ಅಡಿ, ಸುಮಾರು 2,388 ಮೀಟರ್. ನ್ಯೂ ಮೆಕ್ಸಿಕೊ ಮತ್ತು ಕೊಲರಾಡೊದ ಗಡಿ ಅಲ್ಲೇ ಬರುತ್ತದೆ. ಅಪ್ಪ ನೆಟ್ಟಗೆ ಕೂತರು. ಇದು ಅವರ ಸಬ್ಜೆಕ್ಟು. ಶಿರಾಡಿಯಲ್ಲಿ ಗುಂಡ್ಯದಿಂದ ಮಾರನಹಳ್ಳಿಗೆ ಹತ್ತಿಸುವಾಗ ಯಾವ ತಿರುವಿನಲ್ಲಿ ಯಾವ ಗೇರು ಅಂತ ಹೇಳುತ್ತಾ ಹೋದರು. ಇಲ್ಲಿ ತಿರುವೂ ಅಗಲ, ರಸ್ತೆಯೂ ಅಗಲ. ಗೇರು ತಾನೇ ಬದಲಾಗುತ್ತದೆ. ಅವರಿಗೆ ಸ್ವಲ್ಪ ಬೇಜಾರೇ ಆಯಿತು ಅನ್ನಿಸುತ್ತದೆ.

ಪ್ವೆಬ್ಲೊದಲ್ಲಿ ಬಂಕಿನ ಮುಂದೆ ಇನ್ನೊಂದು ವಿಷಯ. ಕೊಲರಾಡೊದಲ್ಲಿ ಎಲ್ಲಕ್ಕಿಂತ ಅಗ್ಗದ ಪೆಟ್ರೋಲು 85 ಆಕ್ಟೇನಿನದು. ಆಕ್ಟೇನ್ ಅಂದರೆ ಎಂಜಿನ್ನಿನೊಳಗೆ ಒತ್ತಿದಾಗ ಪೆಟ್ರೋಲು ಕಿಡಿಗೂ ಮೊದಲೇ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆಯುತ್ತದೆ ಅನ್ನುವ ಅಂಕಿ. ಟೆಕ್ಸಸ್‌ನಲ್ಲಿ 87. ಎತ್ತರದಲ್ಲಿ ಗಾಳಿ ತೆಳು, ಹಳೇ ಕಾರ್ಬುರೇಟರ್ ಎಂಜಿನ್ನುಗಳಿಗೆ 85 ಸಾಕಾಗುತ್ತಿತ್ತು. ಟರ್ಬೊ ಇರುವ ಎಂಜಿನ್ನಿಗೆ ಈ ಮಾತು ನಡೆಯುವುದಿಲ್ಲ. ಅದು ತೆಳು ಗಾಳಿಯನ್ನೂ ಒತ್ತಿ ಗಟ್ಟಿ ಮಾಡಿಯೇ ಒಳಗೆ ಕಳಿಸುತ್ತದೆ. ಕೈಪಿಡಿಯಲ್ಲಿ 87 ಅಂತಿದ್ದರೆ 87 ಹಾಕಿಸಬೇಕು. ಆ ಬಟನ್ ಇಲ್ಲಿ ನಡುವೆ ಇರುತ್ತದೆ, ದುಡ್ಡು ಜಾಸ್ತಿ. ಅಭ್ಯಾಸಬಲದಲ್ಲಿ ಎಡಗಡೆಯ ಬಟನ್ ಒತ್ತಲು ಹೋಗಿ ಕೈ ಹಿಂದೆ ತೆಗೆದೆ. ಪಂಪಿನ ಮೇಲೆ ಶೇಕಡ 10ರವರೆಗೆ ಎಥನಾಲ್ ಅಂತಲೂ ಚೀಟಿ ಇತ್ತು. ಇದರಿಂದ ಮೈಲೇಜು ಶೇಕಡ 3ರಷ್ಟು ಇಳಿಯುತ್ತದೆ. ಅಪ್ಪ ನಕ್ಕರು. "ನಮ್ಮಲ್ಲಿ ಈಗ 20. ಊರಲ್ಲಿ ಸ್ಕೂಟರ್ ಇಟ್ಟವರ ಬಾಯಲ್ಲೆಲ್ಲ ಅದೇ ಮಾತು."

ರಟೋನ್‌ನಿಂದ ಪ್ವೆಬ್ಲೊಗೆ 106 ಮೈಲಿ, 8.6 ಗ್ಯಾಲನ್. ಒಟ್ಟಾರೆ ಇಳಿಜಾರು, 12.3 ಬಂತು. ಲೀಟರಿಗೆ 5.2. ಅಪ್ಪ ಬೆನ್ನು ತಟ್ಟಿದ್ದು ಟ್ರಕ್ಕಿನದು, ನನ್ನದಲ್ಲ. ಮುಂದೆ ಮಾನ್ಯುಮೆಂಟ್ ಹಿಲ್ ಹತ್ತಿ ಇಳಿದು ಅರೋರಾ ಮುಟ್ಟುವಷ್ಟರಲ್ಲಿ ಅದು ಮತ್ತೆ 11ಕ್ಕೆ ಇಳಿದಿತ್ತು. 110 ಮೈಲಿಗೆ 9.9 ಗ್ಯಾಲನ್.

ಮೂರನೇ ದಿನ

ಸಾಮಾನು ಇಳಿಸಿದೆವು. ಟ್ರೇಲರ್ ವಾಪಸ್ ಕೊಟ್ಟೆವು. ಸೊಂಟ ನೋವು. ಬೇರೇನೂ ಇಲ್ಲ.

ಸಂಜೆ ಪಕ್ಕದ ಮನೆಯವರು ಮಾತಿಗೆ ಬಂದರು. ಅವರದು ನಮ್ಮದಕ್ಕಿಂತ ಒಂದು ಮೆಟ್ಟಿಲು ಮೇಲಿನ ಮುಕ್ಕಾಲು ಟನ್ ಡೀಸೆಲ್ ಟ್ರಕ್. ಚೀಟಿಯಲ್ಲಿ ಎಷ್ಟಿತ್ತು ಅಂತ ಅಪ್ಪ ನನ್ನಿಂದ ಕೇಳಿಸಿದರು. ಚೀಟಿಯೇ ಇರಲಿಲ್ಲವಂತೆ! ಹೌದು, ಭಾರ ಸೇರಿ 8,500 ಪೌಂಡ್, ಅಂದರೆ 3,855 ಕೆಜಿ ಮೀರುವ ಪಿಕಪ್ಪುಗಳಿಗೆ ಮೈಲೇಜ್ ಚೀಟಿ ಅಂಟಿಸಬೇಕಾಗಿಲ್ಲ. ಹೆಚ್ಚು ಕುಡಿಯುವವನನ್ನೇ ಯಾರೂ ಕೇಳುವುದಿಲ್ಲ.

ಹಾಗಾದರೆ ಆ ಚೀಟಿಯ ಅಂಕಿ ಎಲ್ಲಿಂದ ಬರುತ್ತದೆ ಅಂತ ತಮ್ಮ ಕೇಳಿದ. ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ ಕೋಣೆಯೊಳಗೇ ಓಡಿಸುತ್ತಾರೆ. ಪರೀಕ್ಷೆ ಬಹುಪಾಲು ಕಂಪನಿಗಳೇ ಮಾಡುತ್ತವೆ. ಸರ್ಕಾರದ ಇಪಿಎ ಸಂಸ್ಥೆ ಮಿಷಿಗನ್ನಿನ ಆನ್ ಆರ್ಬರ್‌ನಲ್ಲಿರುವ ತನ್ನ ಪ್ರಯೋಗಾಲಯದಲ್ಲಿ ಕೆಲವನ್ನು ಮರುಪರೀಕ್ಷೆ ಮಾಡುತ್ತದೆ. ಹೈವೇ ಪರೀಕ್ಷೆಯಲ್ಲಿ ಸರಾಸರಿ ವೇಗ 48 ಮೈಲಿ, ಹೆಚ್ಚೆಂದರೆ 60. ಜನ ಹಾಗೆ ಓಡಿಸುವುದಿಲ್ಲ ಅಂತ 2008ರ ಮಾಡೆಲ್‌ಗಳಿಂದ ಲೆಕ್ಕ ತಿದ್ದಿದರು. 80 ಮೈಲಿವರೆಗೆ ಹೋಗುವ ಪರೀಕ್ಷೆ, ಎಸಿ ಹಾಕಿ ಒಂದು, ಚಳಿಯಲ್ಲಿ ಒಂದು, ಎಲ್ಲ ಲೆಕ್ಕಕ್ಕೆ ಬಂದವು. ಮೋಸ ಏನಲ್ಲ. ಎಲ್ಲ ಗಾಡಿಗೂ ಒಂದೇ ಪ್ರಶ್ನೆಪತ್ರಿಕೆ, ಹೋಲಿಸುವುದಕ್ಕೆ ಅದು ಬೇಕು. ಆದರೆ ಆ ಕೋಣೆಯಲ್ಲಿ ಚಿಲ್ಡ್ರೆಸ್‌ನ ಎದುರುಗಾಳಿಯೂ ಇಲ್ಲ, ನಮ್ಮ ಟ್ರೇಲರೂ ಇಲ್ಲ.

ನಾಲ್ಕನೇ ದಿನ: ಸುರಂಗದವರೆಗೆ

ಖಾಲಿ ಟ್ರಕ್ಕಿನಲ್ಲಿ ನಾನು, ಅಪ್ಪ, ತಮ್ಮ. ಐ-70 ಹಿಡಿದು ರಾಕಿ ಬೆಟ್ಟ ಹತ್ತಿದೆವು. ಆಸ್ಪೆನ್ ಮರಗಳು ಕೆಲವು ಕಡೆ ಇನ್ನೂ ಹಳದಿ. ದೊಡ್ಡಪ್ಪ ಫೋಟೊ ತೆಗೆಸಿಕೊಳ್ಳಲಿ ಅಂತ ತಮ್ಮ ಎರಡು ಕಡೆ ನಿಲ್ಲಿಸಿದ. ಅವರ ಕಣ್ಣು ಮಾತ್ರ ಡ್ಯಾಶ್‌ಬೋರ್ಡಿನ ಮೇಲೇ ಇತ್ತು. ನೋಡುವ ಹಾಗಿಲ್ಲ ಅಂದಿದ್ದವರು ಅವರೇ.

ಐಸೆನ್‌ಹೋವರ್ ಸುರಂಗ 11,158 ಅಡಿಯಲ್ಲಿದೆ, 3,400 ಮೀಟರ್. 1973ರಲ್ಲಿ ತೆರೆದದ್ದು, ಜೊತೆಯ ಎರಡನೇ ಕೊಳವೆ 1979ರಲ್ಲಿ. ಹತ್ತುವಾಗ ಮೀಟರ್ 14 ತೋರಿಸುತ್ತಿತ್ತು. ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆ ಇಳಿಯುವಾಗ ಕಡಿದಾದ ಇಳಿಜಾರು, ಬ್ರೇಕ್ ಹೋದ ಲಾರಿಗಳಿಗೆ ಅಂತಲೇ ಪಕ್ಕದಲ್ಲಿ ಜಲ್ಲಿಯ ದಾರಿಗಳಿವೆ. ಆಗ ತಮ್ಮ ಒಂದು ಪ್ರಶ್ನೆ ಕೇಳಿಬಿಟ್ಟ. "ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯಲ್ವಾ?"

ಅಪ್ಪ ತಿರುಗಿ ಕೂತರು. "ಇಳಿಜಾರಲ್ಲಿ ನ್ಯೂಟ್ರಲ್ ಮಾಡೋನು ಡ್ರೈವರೇ ಅಲ್ಲ. ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳೀಬೇಕು. ಬ್ರೇಕ್ ಕಾದು ಹೋದ್ರೆ ಆಮೇಲೆ ದೇವರೇ ಗತಿ."

ಲೆಕ್ಕದಲ್ಲೂ ಅವರದ್ದೇ ಸರಿ. ಗೇರಿನಲ್ಲಿದ್ದು ಕಾಲು ತೆಗೆದರೆ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ, ಇಂಜೆಕ್ಟರ್ ಪೆಟ್ರೋಲು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಿರಲು ಪೆಟ್ರೋಲು ಹೋಗುತ್ತಲೇ ಇರಬೇಕು.

ಅರೋರಾಗೆ ವಾಪಸ್ ಬಂದು ತುಂಬಿಸಿದೆವು. ಒಟ್ಟು 160 ಮೈಲಿ, 7.6 ಗ್ಯಾಲನ್. 21! ರಾಕಿ ಬೆಟ್ಟ ಹತ್ತಿ ಇಳಿದು ಚೀಟಿಯ ಒಟ್ಟಾರೆ ಅಂಕಿಗಿಂತ ಒಂದು ಜಾಸ್ತಿ. ಅಪ್ಪ ಎರಡು ಸಲ ಭಾಗಿಸಿದರು. ಸುರಂಗದ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಶೇಕಡ 30ರಷ್ಟು ತೆಳು. ತಡೆಯೂ ಅಷ್ಟು ಕಡಿಮೆ. ವೇಗವೂ 60 ದಾಟಿರಲಿಲ್ಲ.

ರಾತ್ರಿ ಚಪಾತಿ ತಿನ್ನುತ್ತಾ ಅಪ್ಪ ಹೇಳಿದ ಮಾತು ನನಗೆ ಹೊಳೆದಿರಲಿಲ್ಲ. "ತೂಕ ಹತ್ತುವಾಗ ಸಾಲ ತಗೊಳ್ಳುತ್ತೆ, ಇಳಿಯುವಾಗ ತೀರಿಸುತ್ತೆ. ಪೂರ್ತಿ ಅಲ್ಲ, ಬಡ್ಡಿ ಹಿಡ್ಕೊಳ್ಳುತ್ತೆ. ಗಾಳಿ ಹಾಗಲ್ಲ. ತಗೊಂಡದ್ದು ತಗೊಂಡ ಹಾಗೇ."

ಐದನೇ ದಿನ: ಕಲ್ಲು

ಹೆಂಡತಿ ಫೋನು ಮಾಡಿದಳು. ಕೊಲರಾಡೊದ ಕೆಂಪು ಹಾಸುಗಲ್ಲು ಚೆನ್ನಾಗಿರುತ್ತಂತೆ, ತುಳಸಿಕಟ್ಟೆ ಸುತ್ತ ಹಾಸೋಕೆ ಬೇಕು, ಹೇಗೂ ಹಿಂದೆ ಖಾಲಿ ಬರುತ್ತಿದ್ದೀರಲ್ಲ ಅಂತ. ಲಯನ್ಸ್ ಅನ್ನುವ ಊರಿನ ಕಡೆಯ ಮರಳುಗಲ್ಲು ಅದು. ಅರೋರಾದ ಒಂದು ಕಲ್ಲಿನ ಅಂಗಡಿಯಲ್ಲೇ ಸಿಕ್ಕಿತು. 400 ಕೆಜಿ ತುಂಬಿಸಿದೆವು. ಬಾಗಿಲ ಚೌಕಟ್ಟಿನಲ್ಲಿ ಎಷ್ಟು ಹೊರಬಹುದು ಅಂತ ಬರೆದಿರುತ್ತದೆ, ಅದರೊಳಗೇ ಇತ್ತು.

ಅಪ್ಪನಿಗೆ ಖುಷಿ. ಟ್ರೇಲರ್ ಇಲ್ಲದೆ ಬರೀ ತೂಕದ ಪರೀಕ್ಷೆ. "ಹಿಂದಿನ ಬಾಗಿಲು ಇಳಿಸೋಣ, ಗಾಳಿ ಸಲೀಸಾಗಿ ಹೋಗಲಿ" ಅಂದರು. ಇದು ಇಲ್ಲಿಯೂ ಬಹಳ ಜನ ನಂಬುವ ಮಾತು, ಆದರೆ ಆಗುವುದು ಉಲ್ಟಾ. ಬಾಗಿಲು ಮುಚ್ಚಿದ್ದರೆ ಹಿಂದಿನ ಪೆಟ್ಟಿಗೆಯೊಳಗೆ ಗಾಳಿ ಸುಳಿಯಾಗಿ ನಿಲ್ಲುತ್ತದೆ, ಮೇಲಿನ ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ. ಕಲ್ಲು ಬೀಳುವುದೂ ಬೇಡ, ಮುಚ್ಚಿಯೇ ಇರಲಿ ಅಂದೆ.

ಅರೋರಾದಿಂದ ರಟೋನ್‌ಗೆ 70ರಲ್ಲಿ ಹೋದೆವು. 216 ಮೈಲಿಗೆ 10.6 ಗ್ಯಾಲನ್, 20.4. ಅಲ್ಲಿಂದ ಅಮರಿಲ್ಲೊಗೆ 65ರಲ್ಲಿ. 213 ಮೈಲಿಗೆ 9.3 ಗ್ಯಾಲನ್, 22.9. ಲೀಟರಿಗೆ 9.7 ಕಿಲೋಮೀಟರ್! ಚೀಟಿಯ ಹೈವೇ ಅಂಕಿಯನ್ನು 400 ಕೆಜಿ ಕಲ್ಲು ಹೊತ್ತು ಮುಟ್ಟಿದ ಹಾಗಾಯಿತು.

ಕುಣಿಯುವ ಮೊದಲು ಅಪ್ಪನೇ ತಡೆದರು. "ಇದು ಇಳಿಜಾರು ಕಣೋ. ಹೋಗುವಾಗ ಒಂದೂವರೆ ಟನ್ನು, ಏರು. ಸಮ ಅಲ್ಲ." ನಿಜ. ಆದರೆ ಇಷ್ಟು ದೂರದಲ್ಲಿ ಅಮರಿಲ್ಲೊ ಕಡೆಗಿನ ಇಳಿಜಾರು ಸಾವಿರ ಮೀಟರೂ ಇಲ್ಲ. ದುಪ್ಪಟ್ಟು ವ್ಯತ್ಯಾಸಕ್ಕೆ ಅದೊಂದೇ ಕಾರಣ ಆಗಲಾರದು.

ಆರನೇ ದಿನ: ಮನೆಗೆ

ಕೊನೆಯ ದಿನ ನನಗೆ ಅವಸರ. ಮರುದಿನ ಬೆಳಗ್ಗೆ ಮೀಟಿಂಗ್. ಅಮರಿಲ್ಲೊದಿಂದ ವಿಚಿಟಾ ಫಾಲ್ಸ್‌ವರೆಗೆ ಎಸಿ ಹಾಕಿ, 75ಕ್ಕೂ ಸ್ವಲ್ಪ ಮೇಲೆ. ರಸ್ತೆ ಇಳಿಯುತ್ತಲೇ ಹೋಗುತ್ತದೆ. ಆದರೂ 225 ಮೈಲಿಗೆ 12.5 ಗ್ಯಾಲನ್, ಸರಿಯಾಗಿ 18. ನಿನ್ನೆಯ ಗಾಡಿ, ನಿನ್ನೆಯ ಕಲ್ಲು, ಹೆಚ್ಚಿದ್ದು ಮುಖ್ಯವಾಗಿ ವೇಗ. ಅಪ್ಪ ನೋಟ್‌ಬುಕ್ಕಿನಲ್ಲಿ "ಕಾಲು" ಅಂತ ಬರೆದು ಅಡಿಗೆರೆ ಎಳೆದರು.

ದಾರಿಯಲ್ಲಿ ಬೇರೆ ಎಂಜಿನ್ನುಗಳ ಬಗ್ಗೆ ಮಾತು ಬಂತು. ಎಫ್-150 ಹೈಬ್ರಿಡ್ 2021ರಲ್ಲಿ ಬಂದಾಗ ನಾಲ್ಕು ಚಕ್ರದ ಎಳೆತದಲ್ಲಿ ಊರೊಳಗೂ 24, ಹೈವೇಯಲ್ಲೂ 24. ಷೆವರ್ಲೆಯ 3 ಲೀಟರ್ ಡೀಸೆಲ್‌ಗೆ 2020ರಲ್ಲಿ ಎರಡು ಚಕ್ರದ ಎಳೆತದಲ್ಲಿ ಹೈವೇ 33 ಅಂತ ಬರೆದಿದ್ದರು, ಲೀಟರಿಗೆ 14. ಡೀಸೆಲ್ ಅಂದ ಕೂಡಲೇ ಅಪ್ಪನ ಮುಖ ಅರಳಿತು. ಆದರೆ ನನ್ನ ಟ್ರಕ್ ಬದಲಿಸುವುದರಿಂದ ಎಷ್ಟು ಉಳಿಯುತ್ತದೆ? 20ರಿಂದ 24ಕ್ಕೆ ಹೋದರೆ 100 ಮೈಲಿಗೆ 0.8 ಗ್ಯಾಲನ್. ಟ್ರೇಲರ್ ಎಳೆಯುವಾಗ 8.2ರಿಂದ 9.4ಕ್ಕೆ ಬಂದಾಗ ಉಳಿದದ್ದು 100 ಮೈಲಿಗೆ ಒಂದೂವರೆ ಗ್ಯಾಲನ್. ಅಂಕಿ ಚಿಕ್ಕದಿರುವ ಕಡೆ ಒಂದೊಂದು ಮೈಲಿಯ ಬೆಲೆ ಜಾಸ್ತಿ. ಅದಕ್ಕೆ ಖರ್ಚಾದದ್ದು 20 ನಿಮಿಷ ಮತ್ತು ಅಪ್ಪನ ಒಂದು ಬೈಗುಳ.

ಪ್ಲೇನೊದ ಅದೇ ಬಂಕಿನಲ್ಲಿ ಕೊನೆಯ ಬಾರಿ ತುಂಬಿಸಿದೆವು. 140 ಮೈಲಿ, 6.8 ಗ್ಯಾಲನ್. ಅಪ್ಪ ಬಾನೆಟ್ಟಿನ ಮೇಲೆ ನೋಟ್‌ಬುಕ್ ಇಟ್ಟು ಕೂಡಿದರು. ಹೋಗುವಾಗ 794 ಮೈಲಿಗೆ 78.5 ಗ್ಯಾಲನ್. ಬರುವಾಗ ಅದೇ 794 ಮೈಲಿಗೆ 39.2. ಹೆಚ್ಚುಕಡಿಮೆ ಸರಿ ಅರ್ಧ. ಲೀಟರಿಗೆ 4.3 ಮತ್ತು 8.6.

ಮನೆಗೆ ಬಂದವರೇ ಹಾಸನದಲ್ಲಿರುವ ಹಳೇ ಕಂಡಕ್ಟರ್ ಗೆಳೆಯರಿಗೆ ವಾಟ್ಸಾಪ್ ಕರೆ ಮಾಡಿದರು. ಸ್ಪೀಕರ್ ಹಾಕಿ, ಗಾಳಿಯಿಂದ ಹಿಡಿದು ಸುರಂಗದವರೆಗೆ ಎಲ್ಲ ಹೇಳಿದರು. ಕಲ್ಲು ಹೊತ್ತು ಎಂಟೂವರೆ ಬಂದದ್ದನ್ನು ಎರಡು ಸಲ ಹೇಳಿದರು. ಆ ಕಡೆಯವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಬರ್ತಾ ಪ್ಯಾಸೆಂಜರ್ ಎಷ್ಟು?"

"ನಾನೊಬ್ಬ. ಮಗ ಡ್ರೈವರು."

ಸ್ವಲ್ಪ ಹೊತ್ತು ಸದ್ದಿಲ್ಲ.

"ಕಲ್ಲಿಗೆ ಲಗೇಜ್ ಟಿಕೆಟ್ ಹರಿದ್ಯೇನಯ್ಯ?"